ಕಟ್ಟೆ ನೀರು ಕಂಡ ಗದ್ದೆ ಚೌಳಾಗುತ್ತಿದೆ, ಇದು ಅಣೆಕಟ್ಟಿನ ಲೆಕ್ಕಕ್ಕೆ ಬರಲ್ವಾ?

ಹಳ್ಳದಗದ್ದೆ_ಮದ್ದೂರು

ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆ ತುಂಬುವ ಹೊತ್ತಿಗೆ ಇಲ್ಲಿ ಎರಡೇ ಮಾತು. ಮಟ್ಟ ಎಷ್ಟಡಿ ಆಯ್ತು, ತಮಿಳುನಾಡಿಗೆ ಎಷ್ಟು ಬಿಟ್ಟರು. 124.80 ಅಡಿ ಮುಟ್ಟಿದ ದಿನ ನನಗೂ ಖುಷಿಯೇ. ಆದರೆ ಅದೇ ನೀರು ವಿಸಿ (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹರಿದು ಗದ್ದೆಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ನಮ್ಮದು ಹಳ್ಳದ ಪಕ್ಕದ ಜಮೀನು. ಮೇಲೆ ಕೆಂಪು ಮಣ್ಣು, ಇಳಿಯುತ್ತಾ ಹೋದಂತೆ ಕಪ್ಪು ಮಣ್ಣು. ಕೆಳಗಿನ ತಾಕಿನಲ್ಲಿ ಬೇಸಿಗೆ ಬಂದರೆ ನೆಲದ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಮೇಲೆ ಪುಡಿಪುಡಿ, ಒಂದು ಗೇಣು ಅಗೆದರೆ ಹಸಿಹಸಿ. ನಾಟಿ ಹಾಕಿದರೆ ಪೈರು ಕಚ್ಚಿಕೊಳ್ಳುವುದಿಲ್ಲ. ಗರಿಯ ತುದಿ ಒಣಗುತ್ತದೆ, ಅಲ್ಲಲ್ಲಿ ಬೋಳು ಬೀಳುತ್ತದೆ. ಕಬ್ಬು ಹಾಕಿದರೆ ಇನ್ನೊಂದು ಪಜೀತಿ. ಆಲೆಮನೆಯವರು ಕಬ್ಬಿನ ಹಾಲನ್ನು ಬಾಯಿಗೆ ಬಿಟ್ಟುಕೊಂಡೇ ‘ಇದು ಹಳ್ಳದ ಗದ್ದೆದು’ ಅಂದುಬಿಡುತ್ತಾರೆ. ಪಾಕ ಹದಕ್ಕೆ ಬರುವುದಿಲ್ಲ, ಬೆಲ್ಲ ಗಟ್ಟಿಯಾಗಿ ನಿಲ್ಲುವುದಿಲ್ಲ, ನಾಲಿಗೆಗೆ ಉಪ್ಪುಪ್ಪು. ಅಂಥ ಬೆಲ್ಲಕ್ಕೆ ಮಂಡ್ಯ ಮಾರ್ಕೆಟ್ಟಿನಲ್ಲಿ ಯಾವ ರೇಟು ಸಿಗುತ್ತದೆ ಅಂತ ನಿಮಗೇ ಗೊತ್ತು.

ತಾತನ ಕಾಲದಲ್ಲಿ ಊರಿಗೇ ಒಳ್ಳೆ ಗದ್ದೆ ಅಂದರೆ ಇದೇ ತಾಕು. ಈಗ ಹಳ್ಳದುದ್ದಕ್ಕೂ ಒಬ್ಬೊಬ್ಬರದೂ ಇದೇ ಕಥೆ.

ಮೇಕೆದಾಟಿನಲ್ಲಿ ಹೊಸ ಕಟ್ಟೆ ಅಂದ ಕೂಡಲೇ ಕಾಡೆಷ್ಟು ಮುಳುಗುತ್ತದೆ, ಆನೆ ಎಲ್ಲಿಗೆ ಹೋಗಬೇಕು ಅಂತ ಚರ್ಚೆ ಶುರುವಾಗುತ್ತದೆ. ಆಗಲೇಬೇಕು. ಆದರೆ ಕಟ್ಟಿ ತೊಂಬತ್ತು ವರ್ಷ ದಾಟಿದ ಕಟ್ಟೆಯಿಂದ ಏನೇನಾಗಿದೆ ಅಂತ ಲೆಕ್ಕ ಇಟ್ಟವರು ಯಾರು? ನಿಮ್ಮ ನಿಮ್ಮ ಕಡೆ ಏನಾಗಿದೆ ಹೇಳಿ. ರಾಜಕೀಯ ಬೇಡ.

ಕಾವೇರಿಪುತ್ರ

ರಾಜಕೀಯ ಬೇಡ ಅಂತ ಹೇಳಿ ಅದನ್ನೇ ಶುರು ಮಾಡಿದ್ದೀರಿ ಅಣ್ಣ. ಇಂಥ ಪೋಸ್ಟನ್ನೇ ನಾಳೆ ಯಾರೋ ‘ನೋಡಿ, ಇವರಿಗೆ ನೀರು ಜಾಸ್ತಿ ಆಗಿದೆ’ ಅಂತ ತೋರಿಸುತ್ತಾರೆ. ನಾಲೆ ಬರುವ ಮುಂಚೆ ಮಂಡ್ಯ ಹೇಗಿತ್ತು? ರಾಗಿ, ಹುರುಳಿ, ಮಳೆ ಬಂದರೆ ಊಟ. ಕಟ್ಟೆ ಬಂತು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಜಿಲ್ಲೆಯೇ ಆಯ್ತು. ಆ ನೀರಲ್ಲೇ ಓದಿ ದೊಡ್ಡವರಾಗಿ ಈಗ ಕಟ್ಟೆ ತಪ್ಪು ಅಂದರೆ ಹೇಗೆ?

ಹಳ್ಳದಗದ್ದೆ_ಮದ್ದೂರು

ಕಟ್ಟೆ ತಪ್ಪು ಅಂತ ನಾನೆಲ್ಲಿ ಅಂದೆ? ಇನ್ನೊಂದು ಸಲ ಓದಿ.

ಕೊನೆತೂಬು_ಮಳವಳ್ಳಿ

ಮದ್ದೂರಿನವರಿಗೆ ನೀರು ಜಾಸ್ತಿಯಾಗಿ ಚೌಳು. ನಮಗೆ ನೀರು ಬರದೆ ಬೀಳು. ಇಬ್ಬರದೂ ಒಂದೇ ನಾಲೆ, ಕೇಳಿದರೆ ನಗು ಬರುತ್ತದೆ. ಕಟ್ಟು ನೀರಿನ ಪಾಳಿ ಅಂತ ಪೇಪರಿನಲ್ಲಿ ಹಾಕುತ್ತಾರೆ. ನಮ್ಮ ತೂಬಿಗೆ ಬರುವ ಹೊತ್ತಿಗೆ ಪಾಳಿ ಮುಗಿದಿರುತ್ತದೆ. ನೀರುಗಂಟಿಯನ್ನು ಕೇಳಿದರೆ ಮೇಲಿನವರು ತೂಬು ಮುಚ್ಚಲು ಬಿಡಲ್ಲ ಅನ್ನುತ್ತಾನೆ, ಅವನದೂ ತಪ್ಪಲ್ಲ. ಮೊದಲು ನೀರು ಹಂಚಿ ಸ್ವಾಮಿ, ಪರಿಸರ ಆಮೇಲೆ.

ಹಳೇ ಓವರ್‌ಸಿಯರ್

ಇಬ್ಬರ ಸಮಸ್ಯೆಯೂ ಒಂದೇ ಬೇರಿನದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸರ್ವಿಸ್ ಪೂರ್ತಿ ನಾಲೆ ಮೇಲೇ ಕಳೆದವನು ನಾನು.

ಹೊಳೆ ನೀರು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಒಂಚೂರು ಉಪ್ಪಿನಂಶ ಇದ್ದೇ ಇರುತ್ತದೆ. ಮಣ್ಣಿನಲ್ಲೂ ಇರುತ್ತದೆ. ಮಳೆ ಬೇಸಾಯದಲ್ಲಿ ಅದು ಆಳದಲ್ಲೇ ಉಳಿಯುತ್ತದೆ. ನಾಲೆ ಬಂದ ಮೇಲೆ ವರ್ಷಕ್ಕೆ ಎರಡು ಸಲ ಗದ್ದೆ ತುಂಬಾ ನೀರು ನಿಲ್ಲಿಸುತ್ತೀರಿ. ಪೈರು ಕುಡಿದು ಮಿಕ್ಕಿದ್ದು ಕೆಳಗೆ ಇಳಿಯುತ್ತದೆ. ಮೇಲಿನ ಕೆಂಪು ಮಣ್ಣು ನೀರನ್ನು ಹಿಡಿದಿಡುವುದಿಲ್ಲ. ಅಲ್ಲಿ ಇಂಗಿದ್ದು ಒಳಗೊಳಗೇ ಸರಿದು ಹಳ್ಳದ ಕಪ್ಪು ಮಣ್ಣಿಗೆ ಬಂದು ಕೂರುತ್ತದೆ. ಅಲ್ಲಿಂದ ಬಸಿದು ಹೋಗಲು ದಾರಿ ಇಲ್ಲದಿದ್ದರೆ ನೆಲದೊಳಗಿನ ನೀರು ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ನಾಲ್ಕೈದು ಅಡಿಗೆ ಬಂತೋ, ಕಥೆ ಮುಗಿಯಿತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮದ್ದೂರಿನವರು ಹೇಳಿದ ಬಿಳಿ ಪುಡಿ ಅದೇ.

ಅಂದರೆ ಮೇಲಿನ ಗದ್ದೆಯವನು ಜಾಸ್ತಿ ಬಿಟ್ಟುಕೊಂಡ ನೀರು ಕೆಳಗಿನವನ ಗದ್ದೆ ಕೆಡಿಸುತ್ತದೆ, ಕೊನೆ ಭಾಗದವನ ಪಾಲನ್ನೂ ನುಂಗುತ್ತದೆ.

ಇದು ಹೊಸ ವಿಷಯ ಏನಲ್ಲ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ ನೀರಾ ಕಾಲುವೆಯಲ್ಲಿ ಇದನ್ನು ಕಂಡಿದ್ದರು. ಅಲ್ಲಿ ಕಬ್ಬಿಗೆ ಮನಸ್ಸಿಗೆ ಬಂದಷ್ಟು ನೀರು ಬಿಟ್ಟುಕೊಂಡು ನೆಲ ಜೌಗಾಗುತ್ತಿತ್ತು. ಅದಕ್ಕೇ ಬ್ಲಾಕ್ ಪದ್ಧತಿ ತಂದರು. ನೀರನ್ನು ಹೆಚ್ಚು ಊರಿಗೆ ಹಂಚಬೇಕು, ಒಂದೇ ಕಡೆ ವರ್ಷಪೂರ್ತಿ ನೀರು ನಿಲ್ಲಬಾರದು, ಕಬ್ಬು, ಭತ್ತ, ಕಮ್ಮಿ ನೀರಿನ ಅರೆಖುಷ್ಕಿ ಬೆಳೆ ಸರದಿಯಲ್ಲಿ ಬರಬೇಕು ಅನ್ನುವುದು ಅದರ ಲೆಕ್ಕ. ಊರೂರಿನ ಸರ್ಕಲ್ಲಿನಲ್ಲಿ ಅವರ ಪ್ರತಿಮೆ ಇದೆ. ಸರದಿ ಮಾತ್ರ ಯಾರಿಗೂ ಬೇಡ. ಭತ್ತ ಆದ ಮೇಲೆ ಭತ್ತ, ಇಲ್ಲದಿದ್ದರೆ ಕಬ್ಬು, ಅದರ ಮೇಲೆ ಕೂಳೆ ಕಬ್ಬು.

ಕಾವೇರಿಪುತ್ರ

ಸರ್, ಸರದಿ ಬೆಳೆ ಅಂತೀರಿ. ಹುರುಳಿ ಬೆಳೆದರೆ ಯಾರು ತಗೊಳ್ತಾರೆ? ಕಬ್ಬಿಗಾದರೆ ಫ್ಯಾಕ್ಟರಿ ಇದೆ.

ಹಳೇ ಓವರ್‌ಸಿಯರ್

ಅದು ನಿಜವಾದ ಪ್ರಶ್ನೆ. ಉತ್ತರ ನಾಲೆ ಇಲಾಖೆಯವರ ಹತ್ತಿರ ಇಲ್ಲ, ಮಾರ್ಕೆಟ್ಟಿನಲ್ಲಿದೆ.

ರಂಗನತಿಟ್ಟು ದುರ್ಬೀನು

ಮೈಸೂರಿನಿಂದ ಬರೆಯುತ್ತಿದ್ದೇನೆ, ಗದ್ದೆ ಬಗ್ಗೆ ನನಗೆ ಅಷ್ಟು ತಿಳಿಯದು. ಹಕ್ಕಿ ನೋಡುವವಳು ನಾನು. ಒಂದು ವಿಷಯ ಮಾತ್ರ ಸೇರಿಸಬೇಕು ಅನಿಸಿತು.

ಒಡ್ಡು ಕಟ್ಟಿದ್ದೆಲ್ಲ ಕೆಟ್ಟದ್ದೇ ಅಂತ ಹೇಳಲು ಆಗುವುದಿಲ್ಲ. ರಂಗನತಿಟ್ಟು ಇವತ್ತು ಇರುವ ಹಾಗೆ ಇರುವುದಕ್ಕೆ ಕಾರಣವೇ 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಒಡ್ಡು. ಆ ನೀರು ನಿಂತು ದ್ವೀಪಗಳಾದವು, ಹಕ್ಕಿಗಳು ಬಂದವು. ಸಲೀಂ ಅಲಿ ಅವರು ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಆ ಹಳೇ ಒಡ್ಡಿಗೂ ಕನ್ನಂಬಾಡಿಗೂ ವ್ಯತ್ಯಾಸ ಇದೆ. ಒಡ್ಡಿನ ಮೇಲೆ ಹೊಳೆ ತನ್ನ ಪಾಡಿಗೆ ತಾನು ಹತ್ತಿ ಇಳಿಯುತ್ತದೆ. ಕಟ್ಟೆಗೆ ಗೇಟ್ ಇದೆ, ಗೇಟಿಗೆ ಆರ್ಡರ್ ಬರುತ್ತದೆ.

ಹೊಳೆ ರೀವ ಅಂತ ಒಂದು ಹಕ್ಕಿ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆ ಮಧ್ಯದ ಬೋಳು ಬಂಡೆ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಗೀಡು ಏನೂ ಇಲ್ಲ, ಬಂಡೆಯ ಸಣ್ಣ ತಗ್ಗೇ ಗೂಡು. ಮೊಟ್ಟೆಯೂ ಬಂಡೆ ಬಣ್ಣದ್ದೇ, ದುರ್ಬೀನಿನಲ್ಲೂ ಹುಡುಕಿ ಹುಡುಕಿ ಕಾಣಬೇಕು. ಮಳೆಗೆ ಮುಂಚೆ ಹೊಳೆ ಏರುವುದಿಲ್ಲ ಅನ್ನುವುದು ಆ ಹಕ್ಕಿಯ ಲೆಕ್ಕ. ಏಪ್ರಿಲ್‌ನಲ್ಲಿ ಕೆಳಗಿನವರಿಗೆ ಅಂತ ದಿಢೀರನೆ ನೀರು ಬಿಟ್ಟರೆ ಆ ಸಾಲಿನ ಮೊಟ್ಟೆಗಳೆಲ್ಲ ಹೋದವು. ಮಳೆಗಾಲದಲ್ಲಿ ಇದರ ಉಲ್ಟಾ. ಕಟ್ಟೆ ತುಂಬುವ ತನಕ ಹೊಳೆ ಒಣಗಿರುತ್ತದೆ, ತುಂಬಿದ ಮೇಲೆ ಒಂದೇ ಸಲ ಹೊರಗೆ ಬಿಡುತ್ತಾರೆ. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯುಸೆಕ್ ದಾಟಿದಾಗ ದ್ವೀಪಗಳೇ ಮುಳುಗಿದ್ದವು. ಆಮೇಲೆ ಮರಳು ಮೂಟೆ ಪೇರಿಸಿ ದಡ ಕಟ್ಟುವ ಕೆಲಸ.

ಕಾವೇರಿಪುತ್ರ

ಮೇಡಂ, ಹಕ್ಕಿ ಮೊಟ್ಟೆ ನೋಡಿಕೊಂಡು ನೀರು ಬಿಡೋಕಾಗುತ್ತಾ?

ರಂಗನತಿಟ್ಟು ದುರ್ಬೀನು

ಬಿಡಬೇಡಿ ಅನ್ನಲಿಲ್ಲ. ಒಂದೇ ಸಲ ಬಿಡುವ ಬದಲು ಹಂತ ಹಂತವಾಗಿ ಏರಿಸಬಹುದಲ್ವಾ? ಬಟ್ಟೆ ಒಗೆಯಲು ಇಳಿದವರಿಗೂ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ನಿಂತವರಿಗೂ ಅದರಿಂದ ಒಳ್ಳೆಯದೇ.

ಹಳೇ ಓವರ್‌ಸಿಯರ್

ಮೇಡಂ ಹೇಳಿದ್ದು ಸರಿ. ಕಷ್ಟದ ಕೆಲಸವೂ ಅಲ್ಲ.

ಹೊಳೆಗೆ ಅಂತ ಎಷ್ಟು ನೀರು ಇಟ್ಟಿದ್ದಾರೆ ಅಂತ ಯಾರಿಗಾದರೂ ನೆನಪಿದೆಯಾ? 2007ರ ಕಾವೇರಿ ನ್ಯಾಯಮಂಡಳಿ ತೀರ್ಪಿನಲ್ಲಿ ಇಡೀ ಕಣಿವೆಯ ನೀರು 740 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ಪರಿಸರಕ್ಕೆ 10, ಹೇಗಿದ್ದರೂ ಸಮುದ್ರ ಸೇರುವ ನೀರು ಅಂತ 4. ಎರಡೂ ಕೂಡಿಸಿದರೆ ನೂರಕ್ಕೆ ಎರಡು ಪಾಲೂ ಆಗುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಜಾಸ್ತಿ ಮಾಡಿ 284.75 ಕೊಟ್ಟಿತು, ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ 177.25 ಬಿಡಿ ಅಂದಿತು. ಪರಿಸರದ 10 ಹಾಗೇ ಉಳಿಯಿತು. ಎರಡು ರಾಜ್ಯದವರೂ ಒಂದೊಂದು ಟಿಎಂಸಿಗೆ ಕಿತ್ತಾಡಿದರು. ಹೊಳೆಯ ಪರ ವಕೀಲರು ಯಾರೂ ಇರಲಿಲ್ಲ.

ಹಿನ್ನೀರು ಬಲೆ

ಕನ್ನಂಬಾಡಿ ಹಿನ್ನೀರಿನಲ್ಲಿ ಬಲೆ ಹಾಕುವ ಮನೆತನ ನಮ್ಮದು. ಮೀನಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಸಿಗುವುದು ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಮೀನು. ಕಾಟ್ಲಾ ರೋಹು ಮರಿ ಬಿಟ್ಟು ಬೆಳೆಸಿದ್ದು. ಜಿಲೇಬಿ ಹೊರಗಿನದು, ತಾನಾಗೇ ತುಂಬಿಕೊಂಡಿದೆ. ನಿಂತ ನೀರು ಅದಕ್ಕೆ ಇಷ್ಟ. ನಮ್ಮ ಹೊಳೆಯ ಮೀನಿಗೆ ಓಡುವ ನೀರು ಬೇಕು, ಕಲ್ಲು ಬೇಕು, ಮೊದಲ ಮಳೆಯ ಕೆಂಪು ನೀರಿಗೆ ಎದುರು ಈಜಿ ಹೋಗಿ ಮೊಟ್ಟೆ ಇಡಬೇಕು. ಮಧ್ಯೆ ಗೋಡೆ ನಿಲ್ಲಿಸಿದರೆ ಅದು ಎಲ್ಲಿಗೆ ಹೋಗುತ್ತದೆ? ಹಾವುಮೀನು ಇನ್ನೂ ವಿಚಿತ್ರ. ಅದು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. 1934ರಲ್ಲಿ ಮೆಟ್ಟೂರು ಕಟ್ಟೆ ಆದ ಮೇಲೆ ಸಮುದ್ರದಿಂದ ಇಲ್ಲಿಗೆ ದಾರಿ ಎಲ್ಲಿದೆ? ಮೆಟ್ಟೂರಿನ ಕೆಳಗೆ ಹಿಲ್ಸಾ ಮೀನು ಕಮ್ಮಿಯಾದದ್ದೂ ಆಗಲೇ ಅಂತ ಓದಿದ ಮಗ ಹೇಳುತ್ತಾನೆ.

ಊರಿನವರು ಬರೀ ಎಷ್ಟಡಿ ಅಂತ ಕೇಳುತ್ತಾರೆ. ನಾವು ಕೇಳುವುದು ನೀರು ಓಡುತ್ತಿದೆಯಾ, ನಿಂತಿದೆಯಾ ಅಂತ.

ರಂಗನತಿಟ್ಟು ದುರ್ಬೀನು

ಅಣ್ಣ, ಮಹಶೀರ್ ಬಗ್ಗೆಯೂ ಹೇಳಿ. ಬೆನ್ನು ಗೂನಾದ ದೊಡ್ಡ ಮಹಶೀರ್ ಕಾವೇರಿ ಕಣಿವೆ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಅದಕ್ಕೆ ಕಟ್ಟೆಗಳು ಒಂದು ಕಾರಣ, ಅದೊಂದೇ ಅಲ್ಲ. ಬೇರೆ ಕಡೆಯ ಮಹಶೀರ್ ಮರಿಗಳನ್ನು ತಂದು ಇಲ್ಲಿ ಬಿಟ್ಟಿದ್ದೂ ಅದಕ್ಕೆ ಮುಳುವಾಯಿತು. ಒಳ್ಳೆಯದಾಗಲಿ ಅಂತಲೇ ಮಾಡಿದ್ದು.

ಹಿನ್ನೀರು ಬಲೆ

ಅದನ್ನು ನಾನು ಹಿಡಿದಿಲ್ಲಮ್ಮ, ನಮ್ಮ ಅಪ್ಪ ಹಿಡಿದಿದ್ದರಂತೆ. ಅವರು ಹೇಳುವ ಅಳತೆ ಮಾತ್ರ ಪ್ರತಿ ಸಲ ಒಂದೊಂದು ಗೇಣು ಜಾಸ್ತಿ ಆಗುತ್ತಿತ್ತು.

ಸರಗೂರು ಕಾಡಂಚು

ಎಲ್ಲರೂ ಕನ್ನಂಬಾಡಿ ಹಿಡಿದುಕೊಂಡಿದ್ದೀರಿ. ಕಬಿನಿಯನ್ನು ಯಾಕೆ ಮರೆತಿರಿ? ಬೀಚನಹಳ್ಳಿ ಕಟ್ಟೆ ಮುಗಿದಿದ್ದು 1974ರಲ್ಲಿ, ಹಿಡಿಯುವುದು 19.52 ಟಿಎಂಸಿ. ಕನ್ನಂಬಾಡಿಯ 49.45ರ ಮುಂದೆ ಚಿಕ್ಕದು. ಆದರೆ ಮುಳುಗಿಸಿದ್ದು ಹೊಲ ಮತ್ತು ಊರು ಮಾತ್ರ ಅಲ್ಲ, ಕಾಕನಕೋಟೆಯ ಕಾಡು. ಹೊಳೆ ಬದಿಯ ತಗ್ಗು ಕಾಡು, ಬಿದಿರು, ಹುಲ್ಲಿನ ಹಡ್ಲು ಎಲ್ಲ ಹೋಯ್ತು. ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಜಾಗವೂ ನೀರೊಳಗಿದೆ.

ಬೇಸಿಗೆಯಲ್ಲಿ ಸಫಾರಿಗೆ ಬಂದವರು ಹಿನ್ನೀರಿನ ದಡದಲ್ಲಿ ಆನೆ ಹಿಂಡು ನೋಡಿ ಎಷ್ಟು ಚೆನ್ನಾಗಿದೆ ಅಂತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ನೀರು ಇಳಿದ ನೆಲದಲ್ಲಿ ಎಳೇ ಹುಲ್ಲು ಬರುತ್ತದೆ, ಸುತ್ತಲ ಕಾಡು ಒಣಗಿರುತ್ತದೆ, ಅದಕ್ಕೇ ಅಲ್ಲಿ ಸೇರುತ್ತವೆ. ಆದರೆ ನೀರು ನಾಗರಹೊಳೆ ಒಂದು ಕಡೆ, ಬಂಡೀಪುರ ಒಂದು ಕಡೆ ಅಂತ ಭಾಗ ಮಾಡಿದೆ. ಆನೆ ದಾಟುವ ದಾರಿ ಕಿರಿದಾಯ್ತು. ಆ ಕಿರಿದಾದ ದಾರಿಯ ಪಕ್ಕದಲ್ಲಿ ನಮ್ಮ ಹೊಲ. ರಾತ್ರಿ ಪಟಾಕಿ ಹಿಡಿದು ಅಟ್ಟಣೆ ಮೇಲೆ ಕೂರುವವರು ನಾವು. ಮುಳುಗಡೆಯಾದವರಲ್ಲಿ ಕಾಡೇ ಮನೆಯಾಗಿದ್ದ ಕುರುಬರೂ ಇದ್ದರು. ನಾಲೆ ನೀರು ಹೋದದ್ದು ಇನ್ನೆಲ್ಲಿಗೋ.

ಮೇಕೆದಾಟಿನ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. 67.16 ಟಿಎಂಸಿ ಕಟ್ಟೆ. ಅದರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತ ಹೇಳುವುದು 4.75. ಮುಳುಗುವುದು ಸುಮಾರು 5,000 ಹೆಕ್ಟೇರ್, ಹೆಚ್ಚಿನದು ಕಾವೇರಿ ವನ್ಯಧಾಮ ಮತ್ತು ಮೀಸಲು ಕಾಡು. ಮಹಶೀರ್, ನೀರುನಾಯಿ ಉಳಿದಿರುವ ಹೊಳೆಯೂ ಅದೇ.

ಕಾವೇರಿಪುತ್ರ

ಮಳೆ ಹೆಚ್ಚಾದ ವರ್ಷ ನಮ್ಮ ಪಾಲಿಗಿಂತ ಎಷ್ಟೋ ಜಾಸ್ತಿ ಸುಮ್ನೆ ಹರಿದು ಹೋಗುತ್ತದೆ. ಬರ ಬಂದ ವರ್ಷ ನಾವು ಹೆದ್ದಾರಿಯಲ್ಲಿ ಕೂರಬೇಕು. 2023 ನೆನಪಿಲ್ವಾ? ಸೆಪ್ಟೆಂಬರ್‌ನಲ್ಲಿ ಬಂದ್ ಮಾಡಿದ್ದು ಯಾಕೆ? ಹಿಡಿದಿಟ್ಟುಕೊಳ್ಳಲು ಒಂದು ಪಾತ್ರೆ ಬೇಕು ಅಂದರೆ ಅದು ದುರಾಸೆ ಅಂತೀರಾ?

ಸರಗೂರು ಕಾಡಂಚು

ದುರಾಸೆ ಅಂತ ಯಾರೂ ಅನ್ನಲಿಲ್ಲ ಗುರು. ಮಳೆ ಬಿದ್ದ ವರ್ಷದ ನೀರು ಇಟ್ಟುಕೊಳ್ಳಲು ಮಂಡ್ಯದಲ್ಲಿ ಕೆರೆಗಳಿರಲಿಲ್ವಾ? ಸೂಳೆಕೆರೆ, ತೊಣ್ಣೂರು ಕೆರೆ ಬಿಟ್ಟರೆ ಊರೂರಿನ ಸಣ್ಣ ಕೆರೆ ಏನಾದವು? ನಾಲೆ ಬಂದ ಮೇಲೆ ಹೂಳೆತ್ತುವವರೇ ಇಲ್ಲ. ಮೊದಲೆಲ್ಲ ಕೆರೆಗೋಡು ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಗೋಡೂ ಇಲ್ಲ, ಹೊಳೆಯ ಹೂಳೂ ಬರಲ್ಲ, ಎಲ್ಲ ಕಟ್ಟೆಯ ತಳದಲ್ಲಿ ಕೂತಿದೆ. ಮೂಟೆ ಗೊಬ್ಬರ ಮಾತ್ರ ಬರುತ್ತದೆ.

ಹಳೇ ಓವರ್‌ಸಿಯರ್

ಹರಿದು ಹೋದ ನೀರೆಲ್ಲ ವ್ಯರ್ಥ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಉಪ್ಪು ತೊಳೆದುಕೊಂಡು ಹೋಗುವುದು, ಮರಳು ತರುವುದು ಆ ನೀರೇ. ಕಾವೇರಿ ಮುಖಜ ಭೂಮಿಗೆ ಹೂಳು ಹೋಗುತ್ತಿಲ್ಲ, ಅಲ್ಲಿ ಕಡಲ ದಡ ಕೊರೆಯುತ್ತಿದೆ. ಅದು ನಮ್ಮ ರಾಜ್ಯ ಅಲ್ಲ ಅನ್ನಬಹುದು. ಹೊಳೆ ಅದನ್ನೆಲ್ಲ ಕೇಳುವುದಿಲ್ಲ.

ಸಮಾಜ ಮೇಷ್ಟ್ರು

ಇನ್ನೊಂದು ಬಿಟ್ಟುಹೋಗಿದೆ, ಸೊಳ್ಳೆ. ನಾಲೆ ಬಂದ ಹೊಸದರಲ್ಲಿ, 1930ರ ದಶಕದಲ್ಲಿ, ಮಂಡ್ಯ ಸೀಮೆಯಲ್ಲಿ ಮಲೇರಿಯಾ ಜೋರಾಗಿತ್ತು. ನಾಲೆ ಬದಿಯಲ್ಲಿ ಸೋರಿ ನಿಂತ ನೀರು, ಹೊಂಡ, ಬಸಿಯದ ಗದ್ದೆ ಎಲ್ಲ ಸೊಳ್ಳೆಗೆ ತವರು. ಊರ ಅಜ್ಜಿಯರು ಇವತ್ತಿಗೂ ‘ಚಳಿಜ್ವರದ ಕಾಲ’ ಅಂತಾರೆ. ಮಲೇರಿಯಾ ಈಗ ಹತೋಟಿಯಲ್ಲಿದೆ. ಆದರೆ ಜಿಲ್ಲೆಯ ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ಯಾಕೆ ಹಾಕುತ್ತಾರೆ? ಆ ಸೊಳ್ಳೆಯೂ ಭತ್ತದ ಗದ್ದೆಯ ನಿಂತ ನೀರಿನಲ್ಲೇ ಹುಟ್ಟುವುದು.

ಕೊನೆತೂಬು_ಮಳವಳ್ಳಿ

ಮೇಷ್ಟ್ರೇ, ನಮ್ಮಲ್ಲಿ ನೀರಿಲ್ಲದೆಯೂ ಸೊಳ್ಳೆ ಇದೆ. ಅದೊಂದನ್ನು ಮಾತ್ರ ಸರಿಯಾಗಿ ಹಂಚಿದ್ದಾರೆ.

ಹಳ್ಳದಗದ್ದೆ_ಮದ್ದೂರು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಓವರ್‌ಸಿಯರ್ ಸರ್, ನನ್ನ ಗದ್ದೆಗೆ ಬರುತ್ತೇನೆ. ಒಂದು ಕಚೇರಿಯಲ್ಲಿ ಜಿಪ್ಸಂ ಹಾಕಿ ಅಂದರು. ಹಾಕಿದೆ. ಒಂದು ಬೆಳೆ ಸ್ವಲ್ಪ ಚೇತರಿಸಿಕೊಂಡಿತು, ಮತ್ತೆ ಅದೇ ಕಥೆ.

ಹಳೇ ಓವರ್‌ಸಿಯರ್

ಜಿಪ್ಸಂ ಎಲ್ಲ ಚೌಳಿಗೂ ಮದ್ದಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕೃಷಿ ಸಂಶೋಧನೆಯ ವಿಸಿ ಫಾರಂ ಹತ್ತಿರವೇ ಇದೆಯಲ್ಲ. ಬರೀ ಉಪ್ಪು ಜಾಸ್ತಿ ಇದ್ದರೆ ಒಳ್ಳೆ ನೀರು ಕಟ್ಟಿ ತೊಳೆದು ಬಸಿಯಬೇಕು, ಜಿಪ್ಸಂ ಬೇಕಿಲ್ಲ. ಪಿಎಚ್ 8.5 ದಾಟಿ ಮಣ್ಣು ಗಟ್ಟಿಯಾಗಿ, ನೀರು ಇಂಗದೆ ಮೇಲೆ ನಿಂತು ಕಪ್ಪಗೆ ಕಾಣುತ್ತಿದ್ದರೆ ಅದು ಕ್ಷಾರ. ಅದಕ್ಕೆ ಜಿಪ್ಸಂ. ಅದರ ಸುಣ್ಣದ ಅಂಶ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ಹೊರಗೆ ಹೋಗಬೇಕಲ್ಲ? ಬಸಿಗಾಲುವೆ ಇಲ್ಲದಿದ್ದರೆ ಅದು ಅಲ್ಲೇ ಸುತ್ತುತ್ತಿರುತ್ತದೆ, ದುಡ್ಡು ದಂಡ. ನಿಮಗಾಗಿರುವುದು ಅದೇ ಅನಿಸುತ್ತದೆ.

ಮಧ್ಯೆ ಹಸಿರೆಲೆ ಗೊಬ್ಬರದ ಡಯಾಂಚ ಬಿತ್ತಿ. ಅದು ಚೌಳಿನಲ್ಲೂ ಎದ್ದು ಬರುತ್ತದೆ. ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತುಬಿಡಿ. ನಾಲೆ ನಿಂತಾಗ ತಾಕಿನ ಮೂಲೆಯಲ್ಲಿ ಎದೆಮಟ್ಟದ ಗುಂಡಿ ತೆಗೆದು ನೀರು ಎಷ್ಟರಲ್ಲಿ ಕಾಣುತ್ತದೆ ಅಂತ ನೋಡಿ. ಎಲ್ಲಕ್ಕಿಂತ ಮೊದಲು ಹಳ್ಳದ ಬಸಿಗಾಲುವೆ. ಈಗ ಹೇಗಿದೆ?

ಹಳ್ಳದಗದ್ದೆ_ಮದ್ದೂರು

ನಕ್ಷೆಯಲ್ಲಿ ಇದೆ ಸರ್. ನೆಲದ ಮೇಲೆ ಜೊಂಡು, ಅಂತರಗಂಗೆ, ಮಧ್ಯದಲ್ಲಿ ಒಬ್ಬರು ತೆಂಗಿನ ಸಸಿಯನ್ನೂ ನೆಟ್ಟಿದ್ದಾರೆ. ಮೇಲಿನ ತಾಕಿನವರ ಜೊತೆ ಮಾತಾಡಿದೆ. ಜೆಸಿಬಿ ತರಿಸಿ ಹೂಳು ತೆಗೆಸೋಣ ಅಂದರು. ಬಾಡಿಗೆಯನ್ನು ಎಕರೆ ಲೆಕ್ಕದಲ್ಲಿ ಹಂಚಬೇಕಾ, ಚೌಳಾದವರೇ ಕೊಡಬೇಕಾ ಅನ್ನುವಲ್ಲಿ ಮಾತು ನಿಂತಿದೆ. ತೆಂಗಿನವರು ಸಭೆಗೇ ಬರಲಿಲ್ಲ.

ಕೊನೆತೂಬು_ಮಳವಳ್ಳಿ

ನೀವು ಹೂಳು ತೆಗೆದು ಉಪ್ಪು ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟರೆ ಅದು ಶಿಂಷಾಕ್ಕೆ ಸೇರಿ ನಮ್ಮ ಕಡೆಗೇ ಬರುತ್ತದೆ. ನಾಲೆ ನೀರು ಬರಲ್ಲ, ಬಸಿನೀರು ಮಾತ್ರ ತಪ್ಪದೆ ಬರುತ್ತದೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳಿಗೂ ಅದೇ ಹೊಳೆ. ಮೊದಲೇ ಹೇಳಿದ್ದೇನೆ.

ಹಳೇ ಓವರ್‌ಸಿಯರ್

ಅದು ಸರಿಯಾದ ತಕರಾರು. ಗದ್ದೆ ತೊಳೆಯುವ ಕೆಲಸವನ್ನು ಹೈನು (ಮುಂಗಾರು) ಬೆಳೆಯ ಕಾಲಕ್ಕೆ, ಶಿಂಷಾದಲ್ಲಿ ಮಳೆ ನೀರು ಜೋರಾಗಿರುವಾಗ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಹೊಳೆಯಲ್ಲಿ ನೀರೇ ಇರುವುದಿಲ್ಲ, ಆಗ ಬಿಟ್ಟರೆ ಕೆಳಗಿನವರು ಕುಡಿಯುವುದು ಬರೀ ಬಸಿನೀರು. ಜೆಸಿಬಿ ಬಾಡಿಗೆಯಲ್ಲಿ ಮೇಲಿನ ತಾಕಿನವರದೂ ಪಾಲಿದೆ. ಅವರು ಕಮ್ಮಿ ನೀರು ಬಿಟ್ಟುಕೊಂಡರೆ ಬಾಡಿಗೆಯೂ ಕಮ್ಮಿ ಆಗುತ್ತದೆ, ಮಳವಳ್ಳಿಗೂ ಒಂದಿಷ್ಟು ಹೋಗುತ್ತದೆ ಅಂತ ಸಭೆಯಲ್ಲಿ ಹೇಳಿ ನೋಡಿ.

ಕೊನೆತೂಬು_ಮಳವಳ್ಳಿ

ಸಭೆ ಯಾವತ್ತು ಅಂತ ತಿಳಿಸಿ ಅಣ್ಣ. ನಮ್ಮ ಊರಿಂದಲೂ ಇಬ್ಬರು ಬರುತ್ತೇವೆ.